‘ಸಹಾಯ’ ಎಂಬ ಸಂಸ್ಕೃತ ಪದದ ಅರ್ಥ: ಪದೇ ಪದೇ ಕೇಳುವ ಪ್ರಶ್ನೆಗಳು

‘ಸಹಾಯ’ ಎಂದರೆ ಸಂಸ್ಕೃತದಲ್ಲಿ ಏನರ್ಥ?

ಸಂಸ್ಕೃತದಲ್ಲಿ ‘ಸಹಾಯ’ ಎಂಬುದು ಮೂಲತಃ ವ್ಯಕ್ತಿಯನ್ನು ಹೇಳುವ ಪದ. ಜೊತೆಯಲ್ಲಿ ಹೋಗುವವನು, ಸಂಗಡಿಗ, ಅನುಚರ, ನಮ್ಮ ಪಕ್ಷದಲ್ಲಿ ನಿಲ್ಲುವವನು, ಹಿಡಿದ ಕೆಲಸಕ್ಕೆ ಕೈಜೋಡಿಸುವವನು ಎಂಬ ಅರ್ಥಗಳೆಲ್ಲ ಅದರಲ್ಲಿ ಸೇರಿವೆ. ಅದು ಪುಲ್ಲಿಂಗ ಶಬ್ದ. ‘ರಾಮ’ ಶಬ್ದದಂತೆಯೇ ಸಹಾಯಃ, ಸಹಾಯೌ, ಸಹಾಯಾಃ ಎಂದು ನಡೆಯುತ್ತದೆ. ಕನ್ನಡದಲ್ಲಿ ನಾವು ‘ಸಹಾಯ ಮಾಡಿದರು’, ‘ಸಹಾಯ ಸಿಕ್ಕಿತು’ ಎನ್ನುವಾಗ ಹೇಳುವುದು ನೆರವನ್ನು, ಅಂದರೆ ಒಂದು ಕ್ರಿಯೆಯನ್ನು. ಸಂಸ್ಕೃತದ ಹಳೆಯ ಗ್ರಂಥಗಳಲ್ಲಿ ಅದೇ ಪದ ಕಂಡಾಗ ಹೆಚ್ಚಿನ ಕಡೆಗಳಲ್ಲಿ ಅಲ್ಲಿ ನಿಂತಿರುವವನು ಒಬ್ಬ ಮನುಷ್ಯ. ಕನ್ನಡಿಗರು ಸಂಸ್ಕೃತ ಓದುವಾಗ ಎಡವುವ ಜಾಗಗಳಲ್ಲಿ ಇದೂ ಒಂದು. ಪದ ತೀರ ಪರಿಚಿತವಾದ್ದರಿಂದ ಎಡವಿದ್ದು ಗೊತ್ತೂ ಆಗುವುದಿಲ್ಲ.

ಈ ಪದ ಹೇಗೆ ಹುಟ್ಟಿತು?

‘ಸಹ’ ಎಂದರೆ ಜೊತೆಯಲ್ಲಿ. ‘ಅಯ’ ಎಂಬುದು ಹೋಗು ಎಂಬ ಅರ್ಥದ ‘ಇ’ ಧಾತುವಿನಿಂದ ಬಂದದ್ದು. ಇವೆರಡೂ ಸವರ್ಣದೀರ್ಘ ಸಂಧಿಯಿಂದ ಕೂಡಿ ‘ಸಹಾಯ’ ಆಗುತ್ತದೆ. ಇದೇ ‘ಅಯ’ ನಮಗೆ ದಿನನಿತ್ಯ ಕೇಳಿಸುವ ಬೇರೆ ಪದಗಳಲ್ಲೂ ಇದೆ: ಮೇಲಕ್ಕೆ ಬರುವುದು ‘ಉದಯ’, ಕೈಬಿಟ್ಟು ಹೋಗುವುದು ‘ವ್ಯಯ’, ಹಿಂದೆ ಹಿಂದೆ ಸಾಗಿ ಬರುವುದು ‘ಅನ್ವಯ’. ಆ ಸಾಲಿನಲ್ಲಿಟ್ಟು ನೋಡಿದರೆ ‘ಸಹಾಯ’ ಎಂಬುದರ ಮೊದಲ ಚಿತ್ರ ಕೊಡುವ ಕೈಯದಲ್ಲ, ಜೊತೆಗೆ ನಡೆಯುವ ಕಾಲಿನದು. ನೆರವು ಎಂಬ ಅರ್ಥ ಆ ನಡಿಗೆಯಿಂದಲೇ ಬೆಳೆದದ್ದು: ದಾರಿಯುದ್ದಕ್ಕೂ ಜೊತೆಗಿರುವವನು ಕಷ್ಟ ಬಂದಾಗ ಪಕ್ಕದಲ್ಲೇ ಇರುತ್ತಾನೆ.

ಇನ್ನೊಂದು ಅಭಿಪ್ರಾಯವೂ ಇದೆ. ‘ಸಖಿ’ ಎಂಬ ಶಬ್ದ ವಿಭಕ್ತಿಯಲ್ಲಿ ನಡೆಯುವಾಗ ‘ಸಖಾಯೌ’, ‘ಸಖಾಯಃ’, ‘ಸಖಾಯಮ್’ ಎಂಬ ರೂಪಗಳನ್ನು ಪಡೆಯುತ್ತದೆ. ಪ್ರಾಕೃತಗಳಲ್ಲಿ ಸ್ವರಗಳ ನಡುವಿನ ‘ಖ’ಕಾರ ‘ಹ’ಕಾರವಾಗುವುದು ಸಾಮಾನ್ಯ. ಆದ್ದರಿಂದ ‘ಸಖಾಯ’ ಎಂಬುದೇ ಪ್ರಾಕೃತದ ಬಾಯಲ್ಲಿ ‘ಸಹಾಯ’ವಾಗಿ ಮತ್ತೆ ಸಂಸ್ಕೃತಕ್ಕೆ ಮರಳಿರಬಹುದು ಎಂದು ಕೆಲವು ವಿದ್ವಾಂಸರು ಹೇಳಿದ್ದಾರೆ. ಊಹೆ ಚೆನ್ನಾಗಿದೆ. ಆದರೂ ‘ಸಹ’ ಮತ್ತು ‘ಅಯ’ಗಳ ಕೂಡಿಕೆ ಇಷ್ಟು ನೇರವಾಗಿ ಹೊಂದುವಾಗ ಅದನ್ನು ಬಿಟ್ಟುಕೊಡಲು ಬಲವಾದ ಕಾರಣ ಕಾಣುವುದಿಲ್ಲ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಪದದ ಮೂಲಾರ್ಥ ವ್ಯಕ್ತಿಯೇ ಎಂಬುದು ಬದಲಾಗುವುದಿಲ್ಲ.

‘ಜೊತೆಗಾರ’ ಎಂಬ ಅರ್ಥ ಸ್ಪಷ್ಟವಾಗಿ ಕಾಣುವ ಪ್ರಯೋಗ ಯಾವುದು?

ಕಾಳಿದಾಸನ ಮೇಘದೂತದಲ್ಲಿ ಯಕ್ಷನು ಮೋಡಕ್ಕೆ ದಾರಿ ಹೇಳುತ್ತಾ, ಕೈಲಾಸದವರೆಗೂ ರಾಜಹಂಸಗಳು ಆಕಾಶದಲ್ಲಿ ನಿನ್ನ ಜೊತೆ ಬರುತ್ತವೆ ಎನ್ನುತ್ತಾನೆ: ‘ಸಂಪತ್ಸ್ಯಂತೇ ನಭಸಿ ಭವತೋ ರಾಜಹಂಸಾಃ ಸಹಾಯಾಃ’. ಆ ಹಂಸಗಳು ದಾರಿಯ ಬುತ್ತಿಗೆಂದು ತಾವರೆಯ ಎಳೆಯ ದಂಟಿನ ತುಂಡುಗಳನ್ನು ಕಚ್ಚಿಕೊಂಡು ಹೊರಟಿವೆ. ಮೋಡಕ್ಕೆ ಅವು ಮಾಡುವ ಉಪಕಾರವೇನೂ ಇಲ್ಲ. ಮೋಡ ತನ್ನಷ್ಟಕ್ಕೆ ಗಾಳಿಯಲ್ಲಿ ಸಾಗಬಲ್ಲದು. ಒಂದೇ ದಿಕ್ಕಿಗೆ, ಒಂದೇ ಕಾಲದಲ್ಲಿ ಹೊರಟವು ಎಂಬಷ್ಟಕ್ಕೇ ಅವು ಸಹಾಯರು. ಈ ಸಾಲನ್ನು ‘ಹಂಸಗಳು ನಿನಗೆ ನೆರವಾಗುತ್ತವೆ’ ಎಂದು ಅನುವಾದಿಸಿದರೆ ಬುತ್ತಿ ಕಟ್ಟಿಕೊಂಡು ಹೊರಟ ಸಹಪ್ರಯಾಣಿಕರ ಆ ಸುಂದರ ಚಿತ್ರ ಅಳಿಸಿಹೋಗುತ್ತದೆ.

ಅದೇ ಕವಿಯ ಶಾಕುಂತಲ ನಾಟಕದ ಎರಡನೆಯ ಅಂಕದಲ್ಲಿ ಇನ್ನೊಂದು ಬಗೆಯ ಪ್ರಯೋಗವಿದೆ. ಬೇಟೆಯ ಸುತ್ತಾಟದಿಂದ ಮೈಕೈ ನೋಯಿಸಿಕೊಂಡ ವಿದೂಷಕನಿಗೆ ದುಷ್ಯಂತನು, ನೀನು ವಿಶ್ರಾಂತಿ ಪಡೆದ ಮೇಲೆ ಆಯಾಸವಿಲ್ಲದ ಒಂದು ಕೆಲಸದಲ್ಲಿ ನನಗೆ ಸಹಾಯನಾಗಬೇಕು, ‘ಸಹಾಯೇನ ಭವಿತವ್ಯಮ್’, ಎನ್ನುತ್ತಾನೆ. ವಿದೂಷಕ ತಕ್ಷಣವೇ, ಕಡುಬು ತಿನ್ನುವ ಕೆಲಸವೇ ಎಂದು ಕೇಳುತ್ತಾನೆ. ಇಲ್ಲಿ ಕೆಲಸವಿದೆ, ಅದರಲ್ಲಿ ಪಾಲುಗೊಳ್ಳುವುದೂ ಇದೆ, ಆದರೆ ಮಾತಿನ ಕಟ್ಟು ‘ಸಹಾಯ ಮಾಡು’ ಎಂದಿಲ್ಲ, ‘ಸಹಾಯನಾಗು’ ಎಂದಿದೆ. ಅರ್ಥ ಜೊತೆಗಾರನಿಂದ ನೆರವಿಗನ ಕಡೆಗೆ ಸರಿದಿದ್ದರೂ ಪದ ವ್ಯಕ್ತಿಯನ್ನು ಬಿಟ್ಟುಕೊಟ್ಟಿಲ್ಲ.

ಹಾಗಾದರೆ ‘ನೆರವು’ ಎಂಬುದಕ್ಕೆ ಸಂಸ್ಕೃತದಲ್ಲಿ ಯಾವ ಪದ ಬಳಸಬೇಕು?

‘ಸಾಹಾಯ್ಯ’. ಸಹಾಯನ ಭಾವ ಅಥವಾ ಅವನು ಮಾಡುವ ಕೆಲಸ ‘ಸಾಹಾಯ್ಯಮ್’. ವ್ಯಾಕರಣದ ಪ್ರಕಾರ ಇದಕ್ಕೆ ‘ಸಾಹಾಯಕಮ್’ ಎಂಬ ಇನ್ನೊಂದು ರೂಪವೂ ಇದೆ. ಆದಿಯ ‘ಸ’ಕಾರ ದೀರ್ಘವಾಗಿರುವುದನ್ನೂ ಕೊನೆಯ ಯಕಾರ ದ್ವಿತ್ವವಾಗಿರುವುದನ್ನೂ ಗಮನಿಸಬೇಕು. ಸಂಸ್ಕೃತದಲ್ಲಿ ಮಾತನಾಡಲು ಕಲಿಯುತ್ತಿರುವವರು ಕನ್ನಡದ ಅಭ್ಯಾಸಬಲದಿಂದ ‘ಸಹಾಯಂ ಕರೋತು’ ಎನ್ನುವುದುಂಟು. ಆ ವಾಕ್ಯಕ್ಕೆ ಕಟ್ಟುನಿಟ್ಟಾಗಿ ‘ಯಾರನ್ನಾದರೂ ಜೊತೆಗಾರನನ್ನಾಗಿ ಮಾಡಿಕೊಳ್ಳಲಿ’ ಎಂಬ ಅರ್ಥವೇ ಬರುತ್ತದೆ. ‘ಸಾಹಾಯ್ಯಂ ಕರೋತು’ ಎಂಬುದು ಸರಿಯಾದ ಪ್ರಯೋಗ.

ಎರಡು ಪದಗಳ ಅಂತರವನ್ನು ಮನಸ್ಸಿಗೆ ಹತ್ತಿಸುವ ಸಂದರ್ಭ ಮಹಾಭಾರತದ ಉದ್ಯೋಗಪರ್ವದಲ್ಲಿದೆ. ದುರ್ಯೋಧನ ಮತ್ತು ಅರ್ಜುನ ಇಬ್ಬರೂ ಯುದ್ಧದಲ್ಲಿ ನೆರವು ಕೇಳಲು ದ್ವಾರಕೆಗೆ ಬರುತ್ತಾರೆ. ದುರ್ಯೋಧನ ಮೊದಲು ಬಂದಿದ್ದಾನೆ, ಆದರೆ ನಿದ್ದೆಯಿಂದೆದ್ದ ಕೃಷ್ಣನ ಕಣ್ಣಿಗೆ ಮೊದಲು ಬಿದ್ದವನು ಕಾಲ ಬಳಿ ನಿಂತ ಅರ್ಜುನ. ಕೃಷ್ಣ ಹೇಳುತ್ತಾನೆ: ‘ಸಾಹಾಯ್ಯಮುಭಯೋರೇವ ಕರಿಷ್ಯಾಮಿ ಸುಯೋಧನ’, ನಿಮ್ಮಿಬ್ಬರಿಗೂ ನೆರವು ಕೊಡುತ್ತೇನೆ. ಒಂದು ಕಡೆ ನಾರಾಯಣರೆಂಬ ಗೋಪಯೋಧರ ದೊಡ್ಡ ಸೇನೆ, ಇನ್ನೊಂದು ಕಡೆ ಆಯುಧ ಹಿಡಿಯದ, ಯುದ್ಧ ಮಾಡದ ಕೃಷ್ಣನೊಬ್ಬನೇ. ಅರ್ಜುನ ಕೃಷ್ಣನನ್ನು ಆರಿಸಿಕೊಂಡ. ದುರ್ಯೋಧನ ಸೇನೆ ಪಡೆದು ಸಂತೋಷದಿಂದ ಹೋದ. ಸಾಹಾಯ್ಯ ಇಬ್ಬರಿಗೂ ದೊರೆಯಿತು, ಆದರೆ ಕೃಷ್ಣ ಸಹಾಯನಾಗಿ ರಥದಲ್ಲಿ ಕುಳಿತದ್ದು ಅರ್ಜುನನೊಬ್ಬನಿಗೆ. ವ್ಯಾಕರಣದ ಪುಸ್ತಕ ಹತ್ತು ಪುಟಗಳಲ್ಲಿ ಹೇಳುವುದನ್ನು ಈ ಒಂದು ಪ್ರಸಂಗ ತಿಳಿಸಿಕೊಡುತ್ತದೆ ಎಂದು ನನಗೆ ಅನಿಸುತ್ತದೆ.

ಸಂಸ್ಕೃತದಲ್ಲಿ ‘ಸಹಾಯ’ ಎಂದೂ ಕ್ರಿಯೆಯನ್ನು ಹೇಳುವುದೇ ಇಲ್ಲವೇ?

ಗೆರೆ ಅಷ್ಟು ಬಿಗಿಯಾದದ್ದಲ್ಲ. ‘ಉದ್ಯಮಂ ಸಾಹಸಂ ಧೈರ್ಯಂ’ ಎಂದು ಮೊದಲಾಗುವ ಪ್ರಸಿದ್ಧ ಸುಭಾಷಿತ ‘ತತ್ರ ದೇವಃ ಸಹಾಯಕೃತ್’ ಎಂದು ಮುಗಿಯುತ್ತದೆ. ಅಲ್ಲಿ ‘ಸಹಾಯಕೃತ್’ ಎಂದರೆ ನೆರವು ನೀಡುವವನು. ಇಂಥ ಸಮಾಸಗಳಲ್ಲಿ ಪದ ಕ್ರಿಯೆಯ ಕಡೆಗೆ ವಾಲಿದೆ. ಮನುಸ್ಮೃತಿಯ ‘ಸಹಾಯಾರ್ಥಂ’ ಎಂಬುದನ್ನೂ ‘ಜೊತೆಗಾರನಾಗಿರಲು’ ಎಂದಾಗಲಿ ‘ನೆರವಿಗಾಗಿ’ ಎಂದಾಗಲಿ ಓದಬಹುದು. ಆದರೆ ಪದ ಸ್ವತಂತ್ರವಾಗಿ, ವಿಭಕ್ತಿ ಹೊತ್ತು ನಿಂತಾಗ ಮೊದಲು ವ್ಯಕ್ತಿಯೆಂದೇ ತೆಗೆದುಕೊಂಡು, ಅರ್ಥ ಕೂಡದಿದ್ದರೆ ಮಾತ್ರ ಬೇರೆ ದಾರಿ ಹುಡುಕುವುದು ಓದುಗರಿಗೆ ಕ್ಷೇಮ.

ರಾಜನೀತಿಯ ಗ್ರಂಥಗಳಲ್ಲಿ ‘ಸಹಾಯ’ ಎಂದರೆ ಯಾರು?

ಅಲ್ಲಿ ಈ ಪದಕ್ಕೆ ತೂಕ ಹೆಚ್ಚು. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣದ ಏಳನೆಯ ಅಧ್ಯಾಯ ಈ ಶ್ಲೋಕದಿಂದ ಕೊನೆಗೊಳ್ಳುತ್ತದೆ:

‘ಸಹಾಯಸಾಧ್ಯಂ ರಾಜತ್ವಂ ಚಕ್ರಮೇಕಂ ನ ವರ್ತತೇ |
ಕುರ್ವೀತ ಸಚಿವಾಂಸ್ತಸ್ಮಾತ್ತೇಷಾಂ ಚ ಶೃಣುಯಾನ್ಮತಮ್ ||’

ರಾಜತ್ವವು ಸಹಾಯರಿಂದ ಸಾಧ್ಯವಾಗುವಂಥದ್ದು, ಒಂಟಿ ಚಕ್ರ ಉರುಳುವುದಿಲ್ಲ. ಆದ್ದರಿಂದ ಸಚಿವರನ್ನು ನೇಮಿಸಿಕೊಂಡು ಅವರ ಅಭಿಪ್ರಾಯವನ್ನು ಕೇಳಬೇಕು ಎಂಬುದು ಇದರ ತಾತ್ಪರ್ಯ. ಮೊದಲ ಸಾಲಿನ ‘ಸಹಾಯ’ ಯಾರೆಂಬುದನ್ನು ಎರಡನೆಯ ಸಾಲಿನ ‘ಸಚಿವ’ ಬಿಡಿಸಿ ಹೇಳುತ್ತದೆ. ‘ನೆರವಿನಿಂದ ಸಾಧ್ಯ’ ಎಂದು ಓದಿದರೆ ತಪ್ಪಾಯಿತೆಂದು ಹೇಳಲಾಗದು, ಆದರೆ ಎರಡು ಸಾಲುಗಳ ನಡುವಿನ ಹೆಣಿಗೆ ಸಡಿಲವಾಗುತ್ತದೆ. ಒಂದು ಚಕ್ರಕ್ಕೆ ಜೊತೆಯಾಗಬೇಕಾದದ್ದು ಇನ್ನೊಂದು ಚಕ್ರವೇ ಹೊರತು ‘ನೆರವು’ ಎಂಬ ಭಾವವಲ್ಲ. ‘ಸಚಿವ’ ಪದದ ಕಥೆಯೂ ಇಲ್ಲಿ ನೆನಪಾಗಬೇಕಾದದ್ದೇ. ಜೊತೆಗಿರು, ಹಿಂಬಾಲಿಸು ಎಂಬ ಅರ್ಥದ ‘ಸಚ್’ ಧಾತುವಿನಿಂದ ಬಂದ ಆ ಪದಕ್ಕೂ ಮೊದಲ ಅರ್ಥ ಸಂಗಾತಿ ಎಂದೇ. ಸಂಸ್ಕೃತದ ಹಳೆಯ ನಿಘಂಟಾದ ಅಮರಕೋಶದಲ್ಲಿ ಹಲವು ಅರ್ಥಗಳುಳ್ಳ ಪದಗಳನ್ನು ಹೇಳುವ ನಾನಾರ್ಥವರ್ಗ ‘ಮಂತ್ರೀ ಸಹಾಯಃ ಸಚಿವೌ’ ಎಂದು ಎರಡೂ ಅರ್ಥಗಳನ್ನು ಒಟ್ಟಿಗೇ ಕೊಡುತ್ತದೆ.

ಮನುಸ್ಮೃತಿಯ ಏಳನೆಯ ಅಧ್ಯಾಯವೂ ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತದೆ: ಸುಲಭವಾದ ಕೆಲಸವೂ ಒಬ್ಬನಿಗೆ ಕಷ್ಟ, ‘ವಿಶೇಷತೋಽಸಹಾಯೇನ’, ಜೊತೆಗಾರರಿಲ್ಲದವನಿಗಂತೂ ಇನ್ನೂ ಕಷ್ಟ, ಹೀಗಿರುವಾಗ ಮಹಾಫಲವುಳ್ಳ ರಾಜ್ಯವನ್ನು ಆಳುವುದರ ಬಗ್ಗೆ ಹೇಳುವುದೇನು?

‘ಅಸಹಾಯ’ ಎಂದರೆ ‘ಅಸಹಾಯಕ’ ಎಂದೇ ಅರ್ಥವೇ?

ಅಲ್ಲ. ಕನ್ನಡದ ‘ಅಸಹಾಯಕ’ ದಿಕ್ಕುಗಾಣದವನ, ಏನೂ ಮಾಡಲಾಗದೆ ಕೈಚೆಲ್ಲಿದವನ ಸ್ಥಿತಿಯನ್ನು ಹೇಳುತ್ತದೆ. ಸಂಸ್ಕೃತದ ‘ಅಸಹಾಯ’ ಬಹುವ್ರೀಹಿ ಸಮಾಸ. ಯಾರಿಗೆ ಸಹಾಯನಿಲ್ಲವೋ ಅವನು, ಅಂದರೆ ಒಬ್ಬಂಟಿ. ಒಬ್ಬಂಟಿಯಾದವನು ದುರ್ಬಲನಾಗಿರಲೇಬೇಕೆಂದಿಲ್ಲ.

ಇದಕ್ಕೆ ಕನ್ನಡ ನೆಲದ್ದೇ ಒಳ್ಳೆಯ ಸಾಕ್ಷಿಯಿದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಶಾಸನಗಳಲ್ಲಿ ‘ಶನಿವಾರಸಿದ್ಧಿ’, ‘ಗಿರಿದುರ್ಗಮಲ್ಲ’, ‘ಚಲದಂಕರಾಮ’, ‘ನಿಶ್ಶಂಕಪ್ರತಾಪ’ ಮುಂತಾದ ಬಿರುದುಗಳ ಜೊತೆಗೆ ‘ಅಸಹಾಯಶೂರ’ ಎಂಬ ಬಿರುದೂ ಬರುತ್ತದೆ. ಇಂದಿನ ಕನ್ನಡದ ಕಿವಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ದಿಕ್ಕಿಲ್ಲದವನನ್ನು ಶೂರನೆಂದು ಹೊಗಳುವುದೇನು ಎಂದು ಕೇಳುವವರಿದ್ದಾರೆ. ಬಿರುದಿನ ಅರ್ಥ ಜೊತೆಗೆ ಯಾರ ಬೆಂಬಲವೂ ಬೇಕಿಲ್ಲದೆ ಒಬ್ಬನೇ ನಿಂತು ಕಾದಾಡುವ ವೀರ ಎಂದು. ಶಾಸನ ಬರೆದವರ ಮನಸ್ಸಿನಲ್ಲಿ ‘ಸಹಾಯ’ ಇನ್ನೂ ಮನುಷ್ಯನಾಗಿಯೇ ಉಳಿದಿದ್ದರಿಂದ ಅದು ಮೆಚ್ಚುಗೆಯ ಮಾತಾಯಿತು. ನಾರದಸ್ಮೃತಿಗೆ ಭಾಷ್ಯ ಬರೆದ ಪ್ರಾಚೀನ ವಿದ್ವಾಂಸನೊಬ್ಬನ ಹೆಸರೇ ‘ಅಸಹಾಯ’. ಅದನ್ನೂ ದೈನ್ಯಸೂಚಕವೆಂದು ತಿಳಿಯಬೇಕಾಗಿಲ್ಲ.

ಸಖ, ಮಿತ್ರ, ಸುಹೃತ್, ಅನುಚರ ಇವರೆಲ್ಲರಿಗಿಂತ ಸಹಾಯ ಹೇಗೆ ಬೇರೆ?

ಅಮರಕೋಶ ‘ಮಿತ್ರಂ ಸಖಾ ಸುಹೃತ್’ ಎಂದು ಮೂರನ್ನು ಒಂದು ಕಡೆ ಹೇಳಿ, ‘ಸಹಾಯ’ವನ್ನು ಅಲ್ಲಿ ಸೇರಿಸದೆ ಮುಂದೆ ‘ಅನುಪ್ಲವ’, ‘ಅನುಚರ’ ಮುಂತಾದ ಪದಗಳ ಗುಂಪಿನಲ್ಲಿ ಇಡುತ್ತದೆ. ಮೊದಲ ಗುಂಪು ಪ್ರೀತಿಯದು, ಎರಡನೆಯದು ಚಲನೆಯದು. ‘ಸುಹೃತ್’ ಎಂದರೆ ಒಳ್ಳೆಯ ಹೃದಯವುಳ್ಳವನು. ಅವನು ದೂರದೇಶದಲ್ಲಿದ್ದರೂ ಸುಹೃತ್ತೇ. ಸಹಾಯನಿಗೆ ಆ ಸೌಲಭ್ಯವಿಲ್ಲ, ಅವನು ಪಕ್ಕದಲ್ಲಿ ಇರಲೇಬೇಕು. ಅನುಚರ ಹಿಂದೆ ನಡೆಯುವವನು. ಕೋಶ ಅವನನ್ನು ಸಹಾಯನಿಗೆ ಸಮನೆಂದರೂ ‘ಸಹಾಯ’ದಲ್ಲಿ ಮೇಲು-ಕೀಳು ಇರಲೇಬೇಕೆಂದಿಲ್ಲ, ಹಂಸಗಳೂ ಮೋಡವೂ ಸಮಾನರೇ.

‘ಸಖ’ನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ವೇದದ ಕಾಲದಿಂದ ಸಂಗಾತಿಗೆ ಇರುವ ಅತ್ಯಂತ ಆತ್ಮೀಯವಾದ ಹೆಸರು ಅದು. ಸಂಸ್ಕೃತದಲ್ಲಿ ಪುಲ್ಲಿಂಗದ ಮೂಲರೂಪ ‘ಸಖಿ’, ಪ್ರಥಮಾ ಏಕವಚನ ‘ಸಖಾ’. ಸ್ತ್ರೀಲಿಂಗ ದೀರ್ಘಾಂತವಾದ ‘ಸಖೀ’. ಕನ್ನಡದಲ್ಲಿ ‘ಸಖಿ’ ಎಂದರೆ ಗೆಳತಿ ಮಾತ್ರ ಆದ್ದರಿಂದ ಈ ವ್ಯತ್ಯಾಸ ಮಕ್ಕಳಿಗೆ ಗೊಂದಲ ತರುತ್ತದೆ. ಋಗ್ವೇದದ ಹತ್ತನೆಯ ಮಂಡಲದ ದಾನಸೂಕ್ತ ‘ನ ಸ ಸಖಾ ಯೋ ನ ದದಾತಿ ಸಖ್ಯೇ’ ಎನ್ನುತ್ತದೆ: ಸಖನಿಗೆ ಕೊಡದವನು ಸಖನೇ ಅಲ್ಲ. ಸಂಗಾತಿ ಮತ್ತು ನೆರವು ಎಂಬ ಎರಡು ಅರ್ಥಗಳು ಒಂದರೊಳಗೊಂದು ಹೆಣೆದುಕೊಂಡದ್ದು ‘ಸಹಾಯ’ ಎಂಬ ಪದದಲ್ಲಿ ಮಾತ್ರವಲ್ಲ ಎಂಬುದಕ್ಕೆ ಈ ಮಂತ್ರ ಸಾಕ್ಷಿ. ಭಾಷಾವಿಜ್ಞಾನಿಗಳು ‘ಸಖಿ’ಯನ್ನು ಮೇಲೆ ಹೇಳಿದ ‘ಸಚ್’ ಧಾತುವಿಗೂ, ಒಡನಾಡಿ ಎಂಬ ಅರ್ಥದ ಲ್ಯಾಟಿನ್ ಪದ ‘ಸೋಕಿಯುಸ್’ಗೂ ಸಂಬಂಧಿಸುತ್ತಾರೆ; ‘ಸೊಸೈಟಿ’, ‘ಸೋಷಿಯಲ್’ ಎಂಬ ಪದಗಳು ಆ ಲ್ಯಾಟಿನ್ ಪದದ ಸಂತಾನ. ಜೊತೆಗೆ ಏಳು ಹೆಜ್ಜೆ ನಡೆದರೆ ಸಖ್ಯವಾಗುತ್ತದೆ ಎಂಬ ನಂಬಿಕೆಯಿಂದ ಪಾಣಿನಿ ‘ಸಾಪ್ತಪದೀನಂ ಸಖ್ಯಮ್’ ಎಂದು ಸೂತ್ರವನ್ನೇ ಮಾಡಿದ್ದಾನೆ. ವಿವಾಹದ ಸಪ್ತಪದಿಯಲ್ಲಿ ಏಳನೆಯ ಹೆಜ್ಜೆಗೆ ‘ಸಖಾ ಸಪ್ತಪದೀ ಭವ’ ಎಂದು ಹೇಳುವುದೂ ಇದೇ ಕಾರಣಕ್ಕೆ. ಇಲ್ಲಿಯೂ ಸಂಬಂಧ ಹುಟ್ಟುವುದು ನಡಿಗೆಯಿಂದಲೇ.

ಸಹಾಯ ಮನುಷ್ಯನೇ ಆಗಿರಬೇಕೇ?

ಬೇಕಿಲ್ಲ. ಹಂಸಗಳನ್ನು ಆಗಲೇ ನೋಡಿದೆವು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ, ಪರಲೋಕದಲ್ಲಿ ಸಹಾಯಕ್ಕೆ ತಂದೆ, ತಾಯಿ, ಹೆಂಡತಿ, ಮಕ್ಕಳು, ಬಂಧುಗಳು ಯಾರೂ ನಿಲ್ಲುವುದಿಲ್ಲ, ಧರ್ಮವೊಂದೇ ನಿಲ್ಲುತ್ತದೆ ಎಂದು ಹೇಳಿ, ‘ಧರ್ಮೇಣ ಹಿ ಸಹಾಯೇನ ತಮಸ್ತರತಿ ದುಸ್ತರಮ್’ ಎನ್ನುತ್ತದೆ. ಧರ್ಮವನ್ನು ಜೊತೆಗಾರನನ್ನಾಗಿ ಪಡೆದವನು ದಾಟಲಾಗದ ಕತ್ತಲನ್ನು ದಾಟುತ್ತಾನೆ. ‘ಧರ್ಮದ ನೆರವಿನಿಂದ’ ಎಂದರೆ ಅರ್ಥ ತಿಳಿಯುತ್ತದೆ, ಆದರೆ ಉಳಿದವರೆಲ್ಲ ಹಿಂದಿರುಗಿದ ಮೇಲೂ ಕತ್ತಲಲ್ಲಿ ಪಕ್ಕದಲ್ಲೇ ನಡೆದು ಬರುವ ಒಬ್ಬನ ಚಿತ್ರ ಮೂಡುವುದು ‘ಜೊತೆಗಾರ’ ಎಂದಾಗಲೇ.

ಇದೇ ಭಾವವನ್ನು ಹೇಳಲು ಸಂಸ್ಕೃತ ‘ದ್ವಿತೀಯ’ ಎಂಬ ಪದವನ್ನೂ ಬಳಸುತ್ತದೆ. ಎರಡನೆಯವನು ಎಂದರೆ ಸಂಗಾತಿ. ನಳೋಪಾಖ್ಯಾನದ ಸ್ವಯಂವರದಲ್ಲಿ ದೇವತೆಗಳಿಗೆ ನೆರಳಿಲ್ಲ, ನಳನೊಬ್ಬನೇ ‘ಛಾಯಾದ್ವಿತೀಯ’, ನೆರಳನ್ನೇ ಜೊತೆಯಾಗಿ ಉಳ್ಳವನು. ಯಕ್ಷಪ್ರಶ್ನೆಯಲ್ಲಿ ಮನುಷ್ಯ ಯಾವುದರಿಂದ ‘ದ್ವಿತೀಯವಾನ್’ ಆಗುತ್ತಾನೆ ಎಂದು ಕೇಳಿದಾಗ ಯುಧಿಷ್ಠಿರನ ಉತ್ತರ ‘ಧೃತ್ಯಾ’, ಧೈರ್ಯದಿಂದ.

ನಾಟಕಶಾಸ್ತ್ರದಲ್ಲಿ ‘ಸಹಾಯ’ ಪಾರಿಭಾಷಿಕ ಪದವೇ?

ಹೌದು. ನಾಯಕನ ಜೊತೆಗಿರುವ ಪಾತ್ರಗಳಿಗೆ ಅಲ್ಲಿ ಸಹಾಯರೆಂದೇ ಹೆಸರು. ವಿಶ್ವನಾಥನ ಸಾಹಿತ್ಯದರ್ಪಣ ಶೃಂಗಾರದಲ್ಲಿ ನಾಯಕನ ಸಹಾಯರು ವಿಟ (ರಸಿಕ ಸಂಗಡಿಗ), ಚೇಟ (ಸೇವಕ), ವಿದೂಷಕ ಮುಂತಾದವರು ಎನ್ನುತ್ತದೆ. ಶಾಸ್ತ್ರ ವಿದೂಷಕನನ್ನು ಸಹಾಯನೆಂದು ವರ್ಗೀಕರಿಸಿದರೂ ರಂಗದ ಮೇಲೆ ರಾಜ ಅವನನ್ನು ಕರೆಯುವುದು ‘ಸಖೇ’, ‘ವಯಸ್ಯ’ ಎಂದು. ಸಹಾಯ ಎಂಬುದು ಪಾತ್ರದ ಸ್ಥಾನ, ಕೂಗಿ ಕರೆಯುವ ಹೆಸರಲ್ಲ.

ಪಾಲಿ ಭಾಷೆಯಲ್ಲಿಯೂ ಈ ಪದ ಇದೆಯೇ?

ಇದೆ, ಅದೇ ಅರ್ಥದಲ್ಲಿ. ಧಮ್ಮಪದ ವಿವೇಕಿಯಾದ ಸಹಾಯ ಸಿಕ್ಕರೆ ಅವನ ಜೊತೆ ಸಂತೋಷದಿಂದ ನಡೆ, ಸಿಗದಿದ್ದರೆ ಒಬ್ಬನೇ ನಡೆ ಎಂದು ಉಪದೇಶಿಸುತ್ತದೆ. ‘ನತ್ಥಿ ಬಾಲೇ ಸಹಾಯತಾ’ ಎಂಬ ಅದರ ಇನ್ನೊಂದು ಮಾತಿಗೆ ಮೂಢನೊಂದಿಗೆ ಒಡನಾಟವೆಂಬುದಿಲ್ಲ ಎಂದು ಅರ್ಥ. ‘ಮೂಢನಿಂದ ನೆರವಿಲ್ಲ’ ಎಂದು ಓದಿದರೆ ಉಪದೇಶವೇ ಬೇರೆಯಾಗುತ್ತದೆ.

‘ಸಹಾಯತಾ’ ಎಂದರೆ ಸಂಸ್ಕೃತದಲ್ಲೂ ನೆರವೇ?

ಹಿಂದಿಯಲ್ಲಿ ಹೌದು. ಸಂಸ್ಕೃತ ವ್ಯಾಕರಣ ಸಂಪ್ರದಾಯದಲ್ಲಿ ಗುಂಪು ಎಂಬ ಅರ್ಥದಲ್ಲಿ ‘ತಾ’ ಪ್ರತ್ಯಯ ಹತ್ತುವ ಕೆಲವೇ ಪದಗಳಲ್ಲಿ ಇದೂ ಒಂದು: ಜನರ ಸಮೂಹ ‘ಜನತಾ’, ಬಂಧುಗಳ ಸಮೂಹ ‘ಬಂಧುತಾ’, ಆನೆಗಳ ಹಿಂಡು ‘ಗಜತಾ’, ಹಾಗೆಯೇ ಸಹಾಯರ ಸಮೂಹ ‘ಸಹಾಯತಾ’. ನಾವು ‘ನಾಡಿನ ಜನತೆ’ ಎನ್ನುವಾಗ ಬಳಸುವುದು ಇದೇ ಪ್ರತ್ಯಯವನ್ನು. ಸಹಾಯನಾಗಿರುವ ಭಾವ ಎಂಬ ಅರ್ಥವೂ ಅದಕ್ಕೆ ಇದ್ದೇ ಇದೆ, ಪಾಲಿಯ ಉದಾಹರಣೆ ಅಂಥದ್ದು.

ಕನ್ನಡದ ‘ಸಹಾಯ’ ತಪ್ಪು ಪ್ರಯೋಗವೇ?

ಖಂಡಿತ ಅಲ್ಲ. ಭಾಷೆಯೊಂದು ಪದವನ್ನು ಸ್ವೀಕರಿಸಿದ ಮೇಲೆ ಅದರ ಅರ್ಥವನ್ನು ತನ್ನ ಅಗತ್ಯಕ್ಕೆ ತಕ್ಕಂತೆ ರೂಪಿಸಿಕೊಳ್ಳುತ್ತದೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುವುದರಿಂದ ‘ಸಹಾಯನು’ ಎಂದರೆ ವ್ಯಕ್ತಿ, ‘ಸಹಾಯವು’ ಎಂದರೆ ಕ್ರಿಯೆ ಎಂದು ಪ್ರತ್ಯಯವೇ ಬೇರ್ಪಡಿಸಬಲ್ಲದು. ಬಳಕೆಯಲ್ಲಿ ಎರಡನೆಯದು ಗೆದ್ದಿತು, ವ್ಯಕ್ತಿಯನ್ನು ಹೇಳಲು ‘ಸಹಾಯಕ’ ಬಂದಿತು. ‘ಸಹಾಯಧನ’, ‘ಸಹಾಯವಾಣಿ’, ‘ಸಹಾಯಹಸ್ತ’ ಎಲ್ಲವೂ ಈ ಹೊಸ ಅರ್ಥದ ಮೇಲೆ ಕಟ್ಟಿದವು, ಮತ್ತು ಕನ್ನಡದಲ್ಲಿ ಅವು ನೂರಕ್ಕೆ ನೂರು ಸರಿ. ತೆಲುಗು, ತಮಿಳು, ಮಲಯಾಳಗಳಲ್ಲೂ ಪದ ನೆರವು ಎಂಬ ಅರ್ಥದಲ್ಲೇ ನಡೆಯುತ್ತದೆ. ತೆಲುಗಿನ ಮಾತಿನಲ್ಲಿ ಅದು ಸವೆದು ‘ಸಾಯಂ’ ಆಗಿದೆ. ಕನ್ನಡದ ಅರ್ಥವನ್ನು ಸಂಸ್ಕೃತದ ಶ್ಲೋಕದ ಮೇಲೆ ಹೇರುವುದು ಮಾತ್ರ ತಪ್ಪು.

ಸಂಸ್ಕೃತದಿಂದ ಅನುವಾದಿಸುವಾಗ ಕನ್ನಡದಲ್ಲಿ ಯಾವ ಪದ ಬಳಸಬೇಕು?

ಎಲ್ಲ ಕಡೆಗೂ ಹೊಂದುವ ಒಂದೇ ಪದವಿಲ್ಲ. ಪ್ರಯಾಣದ ಸಂದರ್ಭವಾದರೆ ‘ಜೊತೆಗಾರ’ ಅಥವಾ ‘ಸಂಗಡಿಗ’ ಹೊಂದುತ್ತದೆ. ಸಲುಗೆಯಿದ್ದಲ್ಲಿ ‘ಒಡನಾಡಿ’ ತುಂಬ ಒಳ್ಳೆಯ ಪದ, ಏಕೆಂದರೆ ಒಡನೆ ಆಡುವವನು, ಓಡಾಡುವವನು ಎಂಬ ಅದರ ಕಟ್ಟು ಸಂಸ್ಕೃತದ ‘ಸಹಚರ’ ಮತ್ತು ‘ಸಹಾಯ’ಗಳ ಕಟ್ಟಿಗೆ ಬಹಳ ಹತ್ತಿರ. ಯುದ್ಧ ಅಥವಾ ರಾಜಕೀಯದಲ್ಲಿ ‘ಬೆಂಬಲಿಗ’ ಸರಿಹೋಗುತ್ತದೆ. ‘ಬೆನ್ನಿಗೆ ಬಲ’ ಎಂಬ ಮೂಲ ಅಲ್ಲಿ ಇನ್ನೂ ಜೀವಂತವಾಗಿದೆ. ‘ಸಹಾಯಕ’ ಎಂಬುದನ್ನು ನಾನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳುತ್ತೇನೆ. ಇಂದು ಅದಕ್ಕೆ ಕಚೇರಿಯ ಹುದ್ದೆಯ ವಾಸನೆ ಅಂಟಿಕೊಂಡಿದೆ, ರಾಜಹಂಸಗಳನ್ನು ಮೋಡದ ಸಹಾಯಕರೆಂದರೆ ಕಾವ್ಯ ಉಳಿಯುವುದಿಲ್ಲ.

‘ರಾಮಸಹಾಯ’ದಂಥ ಹೆಸರುಗಳ ಅರ್ಥವೇನು?

ಸಮಾಸವನ್ನು ಎರಡು ರೀತಿ ಬಿಡಿಸಬಹುದು. ತತ್ಪುರುಷವೆಂದರೆ ರಾಮನ ಜೊತೆಗಾರ. ಬಹುವ್ರೀಹಿಯೆಂದರೆ ಯಾರಿಗೆ ರಾಮನೇ ಜೊತೆಗಾರನೋ ಅವನು. ಹೆಸರಿಡುವವರ ಭಕ್ತಿಯನ್ನು ನೋಡಿದರೆ ಎರಡನೆಯ ಅರ್ಥವೇ ಹೆಚ್ಚು ಸಹಜ. ಉತ್ತರ ಭಾರತದಲ್ಲಿ ಕಾಣುವ ‘ಸಹಾಯ್’ ಎಂಬ ಅಡ್ಡಹೆಸರೂ ಇದೇ ಪದದಿಂದ ಬಂದದ್ದು.